ನಾನು ಆರಿಸಿಕೊಟ್ಟ ಪೆಲೆಟ್ಟುಗಳು

ಕಾಪು
11 ಅಕ್ಟೋಬರ್ 2025, ಶನಿವಾರ

ನನ್ನ ನವ್ಯಾ,

ಬಾಯಲ್ಲಿ ನಾವು ತುಳುವಿನಲ್ಲೇ ಜಗಳ ಮಾಡಿದವರು, ತುಳುವಿನಲ್ಲೇ ನಕ್ಕವರು. ಕಾಗದಕ್ಕೆ ಕೂತರೆ ಮಾತ್ರ ಶಾಲೆಯ ಕನ್ನಡವೇ ಬರುತ್ತದೆ. ಫೋನ್ ಇರುವಾಗ ಕಾಗದ ಎಂತಕ್ಕೆ ಎಂದು ನೀನು ನಗಬಹುದು. ಫೋನಿನಲ್ಲಿ ಹೇಳಲು ನಾಲ್ಕು ಸಲ ಹೊರಟೆ. ನಾಲ್ಕು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ನನ್ನ ಧೈರ್ಯ ಅಷ್ಟರದ್ದೇ. ಇದನ್ನು ಕೂತು ಓದು, ಆಮೇಲೆ ಹರಿದು ಬಿಸಾಡಿದರೂ ಸರಿ.

ಉಳಿದದ್ದನ್ನು ಓದದಿದ್ದರೂ ಇದೊಂದು ಗೊತ್ತಿರಲಿ. ನಿನ್ನ ಕೈಗೆ ಏನೂ ಆಗಿಲ್ಲ. ಕಳೆದ ನವೆಂಬರಿನಲ್ಲಿ, ಮಣಿಪಾಲದ ಶೂಟಿಂಗ್ ಆಯ್ಕೆಯ ದಿನ, ತಪ್ಪಿದ್ದು ನಿನ್ನ ಕೈಯಲ್ಲ. ರೈಫಲಿಗೆ ತುಂಬಲು ನಾನು ಕೊಟ್ಟ ಸೀಸದ ಪೆಲೆಟ್ಟು ಬೇರೆಯದಾಗಿತ್ತು. ಗೊತ್ತಿದ್ದೇ ಕೊಟ್ಟೆ.

ಇಬ್ಬರೂ ಸೇರಿ ಆ ಹಳೆಯ ಏರ್ ರೈಫಲ್ ತಂದ ವರ್ಷ ನೆನಪುಂಟಲ್ಲ? ನಮ್ಮ ಮೊದಲ ರೈಫಲ್. ಒಂದು ವಾರ ಕಾಪುವಿನಲ್ಲಿ ನನ್ನ ಮಂಚದ ಅಡಿಯಲ್ಲಿ, ಒಂದು ವಾರ ಹಿರಿಯಡ್ಕದಲ್ಲಿ ನಿನ್ನ ಅಪ್ಪನ ಹೊಲಿಗೆ ಮೆಷಿನಿನ ಪಕ್ಕದಲ್ಲಿ. ಎಲ್ಲಕ್ಕಿಂತ ದುಬಾರಿ ಪೆಲೆಟ್ಟು ತಂದರೆ ಮುಗಿಯಿತು ಎಂದುಕೊಂಡ ಪೆದ್ದುಗಳು ನಾವು. ಯಾವುದು ಬೇಕು ಎಂದು ಹೇಳಬೇಕಾದದ್ದು ನೀವಲ್ಲ, ರೈಫಲ್ ಎಂದು ಕೋಚ್ ಕಾರ್ಲ್ ಸರ್ ಗದರಿದರು. ಬಡಗಿಯ ಮೇಜಿಗೆ ರೈಫಲನ್ನು ಬಿಗಿದು, ಆರು ಬಗೆಯ ಪೆಲೆಟ್ಟುಗಳಲ್ಲಿ ಹತ್ತು ಹತ್ತು ಹೊಡೆಸಿದರು. ಮೇಜು ನಡುಗುವುದಿಲ್ಲ, ಹಾಗಾಗಿ ಕಾಗದದ ಮೇಲೆ ಬಿದ್ದ ತೂತೆಲ್ಲ ಪೆಲೆಟ್ಟಿನದ್ದೇ ಗುಣ. ದುಬಾರಿಯದ್ದು ಚೆಲ್ಲಾಪಿಲ್ಲಿ ಹೋಯಿತು. ಕೊನೆಗೆ ರೈಫಲಿಗೆ ಹಿಡಿಸಿದ್ದು ಯಾರೂ ಹೊಗಳದ ನೀಲಿ ಡಬ್ಬಿ. ಅದರಲ್ಲೂ ನಮ್ಮ ಹತ್ತಿರ ಎರಡಿದ್ದವು. ಅದೇ ಕಂಪೆನಿ, ಅದೇ ತೂಕ, ಅದೇ ಅಳತೆ, ಹಿಂದಿನ ಚೀಟಿಯಲ್ಲಿ ಯಾವ ಕಂತಿನಲ್ಲಿ ಮಾಡಿದ್ದು ಎನ್ನುವ ಲಾಟ್ ನಂಬರ್ ಮಾತ್ರ ಬೇರೆ. ಒಂದರದ್ದು ಹತ್ತೂ ಒಂದೇ ತೂತಿನಲ್ಲಿ. ಇನ್ನೊಂದರಲ್ಲಿ ಹತ್ತಕ್ಕೆ ಎರಡು ಎಲ್ಲೋ ಹೊರಗೆ. ಅದನ್ನು ಸ್ಪರ್ಧೆಗೆ ಮುಟ್ಟಬೇಡಿ, ಅಭ್ಯಾಸಕ್ಕೆ ಮುಗಿಸಿ ಎಂದು ಸರ್ ಹೇಳಿದ್ದರು. ಅಂದಿನಿಂದ ಡಬ್ಬಿಗಳು ನನ್ನ ಸುಪರ್ದಿಯಲ್ಲಿ. ನಾನು ಕೊಟ್ಟದ್ದನ್ನು ನೀನು ಹಿಂದೆ ಮುಂದೆ ನೋಡದೆ ತುಂಬುತ್ತಿದ್ದೆ.

ಪೆಲೆಟ್ಟು ಆರಿಸುವುದರಲ್ಲಿ ಶರೋನ್, ಹೊಡೆಯುವುದರಲ್ಲಿ ನವ್ಯಶ್ರೀ ಎಂದು ಸರ್ ಒಂದು ದಿನ ಎಲ್ಲರೆದುರು ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್‌ಸ್ಟ್ಯಾಂಡಿನವರೆಗೂ ನೀನು ಅದನ್ನೇ ಹೇಳಿ ಕೀಟಲೆ ಮಾಡಿದೆ. ನನ್ನ ಹೊಟ್ಟೆ ಉರಿದುಹೋಯಿತು ಮಾರಾಯ್ತಿ. ಇದಕ್ಕೆ ಚಂದದ ಹೆಸರು ಹುಡುಕಿ ಸಾಕಾಗಿದೆ. ಹೊಟ್ಟೆಕಿಚ್ಚು, ಅಷ್ಟೇ.

ರಾಜ್ಯಮಟ್ಟಕ್ಕೆ ಹೋಗಲು ಇದ್ದದ್ದು ಒಂದೇ ಜಾಗ. ಮೊದಲ ಸರದಿಯಲ್ಲಿ ನಾನು ಅರವತ್ತು ಹೊಡೆತಕ್ಕೆ 611.4 ಹೊಡೆದೆ. ನೀನು ಅಭ್ಯಾಸದಲ್ಲೇ 618 ದಾಟುವವಳು. ಅದೇ ರೈಫಲನ್ನು ಎರಡನೆಯ ಸರದಿಗೆ ನಿನಗೆ ಕೊಡಬೇಕು, ನಡುವೆ ಇಪ್ಪತ್ತು ನಿಮಿಷ. ನೀನು ಜಾಕೆಟ್ ಬಿಗಿಯುತ್ತಿದ್ದೆ. ಅಭ್ಯಾಸದ ಡಬ್ಬಿ ನನ್ನ ಬ್ಯಾಗಿನಲ್ಲೇ ಇತ್ತು. ಕೈತೊಳೆಯುವ ಜಾಗದಲ್ಲಿ ನಿಂತು ಒಳ್ಳೆಯದನ್ನು ಒಳಗಿಟ್ಟು ಅದನ್ನು ತೆಗೆದೆ. ಗಡಿಬಿಡಿಯಲ್ಲಿ ತಪ್ಪಿತು ಎಂದು ಹೇಳಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ. ನಂಬರ್ ಓದಿಯೇ ತೆಗೆದದ್ದು. ನಾಲ್ಕು ಪಾಯಿಂಟ್ ಹೋದೀತು, ನೀನು ಎರಡು ದಿನ ಮುಖ ಊದಿಸಿಕೊಂಡೀಯೆ, ಮುಂದಿನ ವರ್ಷ ಮತ್ತೆ ಬಂದೀಯೆ ಎಂದುಕೊಂಡೆ. ನಿನ್ನ ಅಪ್ಪನ ನಡುಕದ ಕಾಯಿಲೆ ನನ್ನ ತಲೆಗೇ ಬರಲಿಲ್ಲ.

ಹತ್ತರ ಮೇಲೆಯೇ ಬೀಳುವ ನಿನ್ನ ಹೊಡೆತಗಳಲ್ಲಿ ಇಪ್ಪತ್ತಮೂರನೆಯದು 8.7ಕ್ಕೆ ಹೋಯಿತು. ನೀನು ರೈಫಲ್ ಕೆಳಗಿಟ್ಟು ನಿನ್ನ ಬಲಗೈಯ ಬೆರಳುಗಳನ್ನು ಬಿಡಿಸಿ ನೋಡಿಕೊಂಡೆ. ನಾನು ಗಾಜಿನ ಹಿಂದಿನಿಂದ ಅದನ್ನು ನೋಡಿದೆ. ಆಗಲೂ ಎದ್ದು ಹೇಳಬಹುದಿತ್ತು. ಮುಗಿದಾಗ ನಿನ್ನದು 604.2. ಹೊರಗೆ ಮೆಟ್ಟಿಲಲ್ಲಿ ಕೂತು ನೀನು ಕೇಳಿದೆ, "ಶರೋನ್, ಅಪ್ಪನದ್ದು ನನಗೂ ಬಂತು, ಅಲ್ವಾ?"

ನಾನು ಹೇಳಿದ್ದು ನಿನಗೆ ನೆನಪಿಲ್ಲದಿದ್ದರೆ ಒಳ್ಳೆಯದಿತ್ತು. "ಇರಬಹುದು, ಒಮ್ಮೆ ತೋರಿಸಿಬಿಡು" ಎಂದೆ.

ನೀನು ತೋರಿಸಿದೆ. ಏನೂ ಇಲ್ಲ ಎಂದು ಮಣಿಪಾಲದ ಡಾಕ್ಟರು ಬರೆದುಕೊಟ್ಟರು. ನೀನು ಅವರ ರಿಪೋರ್ಟನ್ನು ನಂಬಲಿಲ್ಲ, ಟಾರ್ಗೆಟ್ಟನ್ನು ನಂಬಿದೆ. ಯಾರದ್ದಾದರೂ ನರಕ್ಕೆ ಸೂಜಿ ತಪ್ಪೀತು ಎಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಬಿಟ್ಟೆ. ನಿನಗೆ ನಿಶ್ಚಯವಾಗಿದ್ದ ಸುಘೋಷನ ಮನೆಗೆ ನೀನೇ ಫೋನ್ ಮಾಡಿ ಮದುವೆ ಬೇಡ ಎಂದೆ. ಮೇ ತಿಂಗಳಲ್ಲಿ ಅವನಿಗೆ ಅಂಬಲಪಾಡಿಯಲ್ಲಿ ಬೇರೆ ಹುಡುಗಿಯೊಂದಿಗೆ ಮದುವೆಯಾಯಿತು. ಆ ದಿನ ಇಡೀ ನೀನು ನನ್ನ ಕೋಣೆಯಲ್ಲಿ ಮಲಗಿದ್ದೆ, ನಾನು ನಿನ್ನ ತಲೆ ಸವರುತ್ತಾ ಕೂತಿದ್ದೆ. ನನ್ನಂಥವಳ ಕೈ ನಿನ್ನ ತಲೆಯ ಮೇಲೆ.

ಆ ಜಾಗ ಸಿಕ್ಕಿ ನಾನು ರಾಜ್ಯಮಟ್ಟಕ್ಕೆ ಹೋದೆ, ಮೂವತ್ತೊಂದನೆಯವಳಾಗಿ ಬಂದೆ. ನೀನು ಪೇಡ ತಂದು ನನ್ನ ಬಾಯಿಗಿಟ್ಟೆ.

ಗುರುವಾರ ಗುರುವಾರ ನಿನ್ನನ್ನು ಸ್ಕೂಟರಿನಲ್ಲಿ ಕಾರ್ಕಳದ ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತೇನಲ್ಲ, ಕೈಗೆ ಎಣ್ಣೆ ಹಚ್ಚಿಸಲು. ಒಂದು ಕೆಟ್ಟ ಸತ್ಯ ಹೇಳಲಾ? ಆ ಗುರುವಾರಗಳು ನನಗೆ ಇಷ್ಟ. ನೀನು ಹಿಂದೆ ಕೂತು ಮಾತಾಡುತ್ತಾ ಬರುವಾಗ, ಸೋತ ನಿನಗೆ ನಾನು ಬೇಕಾಗಿದ್ದೇನೆ ಎಂದು ಅನಿಸುತ್ತಿತ್ತು. ಈಗ ಟೀ ಲೋಟ ಹಿಡಿದರೆ ನಿನ್ನ ಕೈ ನಿಜವಾಗಿಯೂ ನಡುಗುತ್ತದೆ. ಅದು ಹೆದರಿಕೆಯ ನಡುಕ. ಅದನ್ನು ನಿನಗೆ ತಂದುಕೊಟ್ಟವಳು ನಾನು.

ಇಷ್ಟಾದರೂ ನಿನ್ನ ಹತ್ತಿರ ನಾನು ಬಾಯಿ ಬಿಡುತ್ತಿರಲಿಲ್ಲವೋ ಏನೋ. ಮೊನ್ನೆ ಹಿಂದಿರುಗುವಾಗ, ಅಪ್ಪನ ಮಾತ್ರೆಯಲ್ಲಿ ಅರ್ಧ ಮುರಿದು ದಿನಾ ತಿನ್ನುತ್ತಿದ್ದೇನೆ ಎಂದೆಯಲ್ಲ, ಆಗ ಸ್ಕೂಟರ್ ನಿಲ್ಲಿಸಬೇಕಾಯಿತು. ಟಯರ್ ನೋಡುತ್ತೇನೆ ಎಂದು ಸುಳ್ಳು ಹೇಳಿದೆ. ಔಷಧಿ ಅಂಗಡಿಯಲ್ಲಿ ಕೂತು ಹೊಟ್ಟೆಪಾಡು ನೋಡುವವಳು ನಾನು. ಆ ಮಾತ್ರೆ ಎಂಥದ್ದು, ಇಲ್ಲದ ಕಾಯಿಲೆಗೆ ತಿಂದರೆ ಏನಾಗಬಹುದು ಎಂದು ನನಗೆ ಗೊತ್ತುಂಟು. ಇದು ಕೈಗೆ ಸಿಕ್ಕಿದ ಕೂಡಲೇ ಮಣಿಪಾಲದ ಡಾಕ್ಟರಿಗೆ ಮಾತ್ರೆಯ ವಿಷಯ ಹೇಳು. ಈ ಕಾಗದವನ್ನೂ ತೋರಿಸು. ಅವರು ನನ್ನನ್ನು ಏನೆಂದು ತಿಳಿದುಕೊಂಡರೂ ಅಡ್ಡಿಯಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯೆ ಎಂಬ ಹೆದರಿಕೆ ಒಂದು ಕಡೆ, ಕ್ಷಮಿಸುವುದಿಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ಕೆಲಸ ಮತ್ತೆ ಸಿಗಬಹುದು. ಸುಘೋಷನನ್ನು ತಂದುಕೊಡಲು ನನ್ನಿಂದಾಗದು. ಹನ್ನೊಂದು ತಿಂಗಳು ನಿನ್ನ ಮೈಯನ್ನೇ ನೀನು ಅನುಮಾನಿಸಿದ್ದನ್ನು ಯಾವ ಕಾಗದವೂ ಅಳಿಸದು. ರೈಫಲ್ ನಿನ್ನದು, ನಿನ್ನ ಮನೆಯಲ್ಲೇ ಇರಲಿ.

ನಿನ್ನ ಗೆಳತಿ ಎಂದು ಬರೆಯುವ ಹಕ್ಕು ಇಲ್ಲದ,
ಶರೋನ್

ವಿ.ಸೂ. ಇದನ್ನೆಲ್ಲ ನಿನ್ನ ಅಮ್ಮನಿಗೆ ಆಗಸ್ಟಿನಲ್ಲೇ ಹೇಳಿದ್ದೇನೆ. ಅವರ ಮೇಲೆ ಸಿಟ್ಟಾಗಬೇಡ, ಮಾತ್ರೆಯ ವಿಷಯ ಅವರಿಗೆ ಗೊತ್ತಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ಪೂರ್ತಿ ಮಡಚಿಟ್ಟು, "ಅವಳ ಕೆಲಸ ಹೋಯಿತು, ಮದುವೆ ಹೋಯಿತು. ಈಗ ಅವಳಿಗೆ ಅಂತ ಇರುವುದು ನೀನೊಬ್ಬಳು. ಅದನ್ನೂ ತೆಗೆಯಬೇಡ" ಎಂದರು. ಆ ಮಾತು ನನಗೂ ಅನುಕೂಲವಾಗಿತ್ತು, ಎರಡು ತಿಂಗಳು ಅದರ ಹಿಂದೆ ಅಡಗಿ ಕೂತೆ. ಇವತ್ತು ಅದನ್ನೂ ತೆಗೆಯುತ್ತಿದ್ದೇನೆ.