ಅರವತ್ಮೂರು ತೆರೆದ ಹಾಳೆಗಳು

ಹಳ್ಳದಂಡಿ,
ಕ್ರಿ.ಶ. 2317, ಫೆಬ್ರವರಿ 30

ಹಿಂದಿನ ಕಾಲದವರಿಗೆ ಶರಣು.

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಪ್ರತಿ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಬಾವಿಗಳ ಹೂಳು ತೆಗೆಯುವುದಕ್ಕೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನನ್ನ ಹೆಸರು ನಿಂಬೆವ್ವ, ವಯಸ್ಸು ಹತ್ತೊಂಬತ್ತು, ಓದಿದ್ದು ಐದನೆಯ ತರಗತಿಯವರೆಗೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರಲ್ಲಿ ನಾಲ್ವತ್ತೊಂದು ಬಾವಿ ಇವೆ. ಬೆಳಗಾದೊಡನೆ ಪ್ರತಿ ಬಾವಿಯ ಮನೆಯವರು ಗಂಟುಹಗ್ಗ ಇಳಿಸುತ್ತಾರೆ. ಗೇಣಿಗೊಂದು ಗಂಟು, ಎಷ್ಟು ಗಂಟು ಒದ್ದೆಯಾದವೋ ಅದನ್ನು ಕೂಗುಗೊಳವೆಯಲ್ಲಿ ಹೇಳುತ್ತಾರೆ. ನೆಲದೊಳಗೆ ಹಾಯ್ದ ಆ ಕೊಳವೆ, ಲೆಕ್ಕ ಬರೆದಿಡುವ ಪಟ್ಟಿಮನೆಯಲ್ಲಿ ಬಾಯಿ ತೆರೆಯುತ್ತದೆ. ಅಲ್ಲಿ ಮೋನಪ್ಪಜ್ಜ ಅಂಕಿಗಳನ್ನು ಗೆರೆಪೆಟ್ಟಿಗೆಗೆ ಹಾಕುತ್ತಾನೆ. ಪೆಟ್ಟಿಗೆಯೊಳಗೆ ಇರುವುದು ನಿಮ್ಮ ಕಾಲದ್ದೇ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್. ಅಂಕಿ ಕೊಟ್ಟರೆ ಪರದೆಯ ಮೇಲೆ ಗೆರೆ ಬರೆದು ತೋರಿಸುತ್ತದೆ. ನಾನು ಅಜ್ಜನ ಕೈಕೆಳಗೆ ಕೆಲಸಕ್ಕಿದ್ದೇನೆ.

ನಮ್ಮಲ್ಲೊಂದು ನಡವಳಿಕೆ ಉಂಟು. ಬದುಕಿರುವ ಬಾವಿಗಾಗಿ ತೆರೆದದ್ದನ್ನು ನಾವು ಮುಚ್ಚುವುದಿಲ್ಲ. ಬಾವಿಯ ಬಾಯಿ ಮುಚ್ಚುವುದಿಲ್ಲ, ಪಟ್ಟಿ ಮುಚ್ಚುವುದಿಲ್ಲ, ಪೆಟ್ಟಿಗೆಯನ್ನು ಆರಿಸುವುದೂ ಇಲ್ಲ. ಬತ್ತಿದ ಬಾವಿಗೆ ಮಾತ್ರ ಮುಚ್ಚುವ ಶಾಸ್ತ್ರ. ಅದಕ್ಕೆ ಮೊದಲೇ ಮುಚ್ಚಿದರೆ ನೀರು ಇಳಿಯುತ್ತದೆ ಎಂದು ನಂಬಿಕೆ.

ಈ ವರ್ಷ ಕಾಲುವೆ ಮಂಡಳಿಯಿಂದ ಸುದ್ದಿ ಬಂತು. ನಿಮ್ಮ ಬಾವಿಗಳು ಸಾಯುತ್ತಿವೆ, ಊರು ಬಿಟ್ಟು ಉತ್ತರದ ಬಿಡಾರಕ್ಕೆ ಹೋಗಿ ಎಂದರು. ಬಾವಿಗಳು ಸಾಯುತ್ತಿರಲಿಲ್ಲ, ಮೂವತ್ತು ವರ್ಷದಿಂದ ಏರುತ್ತಿದ್ದವು. ಅಂಕಿ ಕಳಿಸಿದೆವು. ಅಷ್ಟು ಸಾಲು ಓದುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಗೆರೆಚಿತ್ರದ ಫೈಲನ್ನೇ ಕಳಿಸಿ, ಕೈಯಿಂದ ಬರೆದದ್ದು ಬೇಡ, ಫೆಬ್ರವರಿ ಇಪ್ಪತ್ತೆಂಟರ ಮಧ್ಯಾಹ್ನದೊಳಗೆ ಬರಲಿ ಎಂದರು.

ಪರದೆಯ ಮೇಲೆ ಚೆನ್ನಾಗಿ ಬರುವ ಚಿತ್ರ ಫೈಲಿಗೆ ಇಳಿಯಲೇ ಇಲ್ಲ. ಹೆಸರು ಇರುತ್ತಿತ್ತು, ತೂಕ ಸೊನ್ನೆ. ಹೆಸರು ಬದಲಿಸಿದೆವು. ಬೇರೆ ಜಾಗಕ್ಕೆ ಹಾಕಿದೆವು. ಅಗಲ ಹೆಚ್ಚಿಸಿದೆವು. ಮೂರು ಸಾರಿ ಕಳಿಸಿದೆವು. ಮೂರನೆಯ ಸಾರಿ ಮಂಡಳಿಯ ಗುಮಾಸ್ತ ತಮ್ಮ ಕಡೆಯ ಕೊಳವೆಯಲ್ಲಿ ಕೂಗಿದ: “ಹಳ್ಳದಂಡಿಯವ್ರ, ಹಾಲಿನ ಚಿತ್ರ ಕಳಿಸೀರೇನ್ರಿ? ಬರೇ ಬೆಳ್ಳಗ ಅದ.”

ಕೊನೆಯ ದಿನ ಬೆಳಿಗ್ಗೆ ಪೆಟ್ಟಿಗೆ ಒಂದು ಹೊಸ ಮಾತು ಹೇಳಿತು. ಅರವತ್ಮೂರು ಹಾಳೆ ತೆರೆದೇ ಇವೆ, ಇನ್ನೊಂದನ್ನು ತೆರೆಯಲಾರೆ ಎಂದಿತು. ನಾನು ನಿಮ್ಮ ಕಾಲದ ಕೈಪಿಡಿ ತೆಗೆದೆ. ಅದರಲ್ಲಿ ಮೂರು ಸಾಲು: ಹಾಳೆ ತೆರೆ, ಗೆರೆ ಬರೆ, ಹಾಳೆ ಮುಚ್ಚು. ಮೂರನೆಯ ಸಾಲಿನ ಮೇಲೆ ಹಿರಿಯರು ಕಾಗದ ಅಂಟಿಸಿದ್ದರು, ಬೆಳಕಿಗೆ ಹಿಡಿದು ಓದಿದೆ. ಮುಚ್ಚದ ಕಾರಣ ನಾವು ಬರೆದದ್ದೆಲ್ಲ ಫೈಲಿಗೆ ಇಳಿಯದೆ ಹಾಗೇ ಕಾಯುತ್ತ ಕೂತಿತ್ತು.

“ಅಜ್ಜಾ, ಮುಚ್ಚಬೇಕಂತ,” ಎಂದೆ.

“ಬಾವಿ ಜೀವಂತ ಇರೋತನ ಆ ಮಾತು ಬಾಯಾಗ ತರಬ್ಯಾಡ.”

“ಬಾವಿ ಅಲ್ಲಜ್ಜಾ, ಹಾಳಿ.”

“ಅಕಸ್ಮಾತ್ ನೀರು ಇಳೀತಂದ್ರ?”

“ನಾಳೆ ನಾವೇ ಇಲ್ಲಿ ಇರಂಗಿಲ್ಲ. ಇಳಿದ್ರ ನೋಡೋರು ಯಾರು?”

ಅಷ್ಟು ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅಜ್ಜ ಗಂಟುಹಗ್ಗ ಹಿಡಿದು ಹೊರಗೆ ಹೋದ. ಬಾಗಿಲೆದುರಿನ ಬಾವಿಯ ಕಟ್ಟೆ ಮೇಲೆ ಕೂತು, ಹಗ್ಗ ಇಳಿಸಿ, “ಹ್ಞೂಂ, ಒತ್ತು. ನಾ ನೀರು ಕಾಯ್ತೀನಿ,” ಎಂದ.

ಹಾಳೆ ಮುಚ್ಚುವ ಗುಂಡಿ ಒತ್ತಿದೆ. ಸೊನ್ನೆ ಇದ್ದ ತೂಕ ಏರಿತು. ಫೈಲು ತೆರೆದರೆ ನಾಲ್ವತ್ತೊಂದು ಗೆರೆ, ಎಲ್ಲವೂ ಮೇಲಕ್ಕೆ. ಕೂಡಲೇ ಮಂಡಳಿಗೆ ಕಳಿಸಿದೆ.

ಕೊನೆಗೆ ತೆರೆದಿದ್ದ ಆ ಹಾಳೆ ಮುಚ್ಚಿದ ಮೇಲೆ ಪೆಟ್ಟಿಗೆ ತಾನೇ ಎಲ್ಲಕ್ಕಿಂತ ಮೊದಲು ತೆರೆದ ಹಾಳೆಗೆ ಹೋಗಿ ನಿಂತಿತು. ಅದನ್ನೂ ಮುಚ್ಚಿದೆ. ಹನ್ನೊಂದು ವರ್ಷದ ಹಿಂದಿನದು. ಅಜ್ಜನ ಹೆಂಡತಿ ಬಸಲಿಂಗವ್ವ ತೀರಿಕೊಳ್ಳುವ ವರ್ಷ ತಮ್ಮ ಮನೆ ಬಾವಿಯ ಚಿತ್ರ ಉಳಿಸಲು ಹೋಗಿ, ಬರೀ ಬಿಳಿ ಕಂಡು, ತನಗೆ ವಿದ್ಯೆ ಹತ್ತಲಿಲ್ಲ ಎಂದು ಎದ್ದು ಹೋಗಿದ್ದಳಂತೆ. ಈಗ ಆ ಗೆರೆ ಮೂಡಿತು, ಒಂದು ತಪ್ಪೂ ಇಲ್ಲದೆ. ಕೆಳಗೆ ಅವಳ ಹೆಸರು.

ಅಜ್ಜ ಒಳಗೆ ಬಂದು ಬಹಳ ಹೊತ್ತು ನೋಡಿದ. “ಆಕಿಗೆ ಬರ್ತಿತ್ತು,” ಎಂದ. ಆಮೇಲೆ, “ನೀರು ಇಳಿದಿಲ್ಲ. ಉಳಿದವೂ ಮುಚ್ಚು,” ಎಂದ.

ಮಧ್ಯಾಹ್ನ ಕೊಳವೆಯಲ್ಲಿ ಅದೇ ಗುಮಾಸ್ತನ ದನಿ: “ಗೆರಿ ಕಂಡ್ವು. ಎಲ್ಲಾ ಏರ್ಯಾವ. ನೀವು ಅಲ್ಲೇ ಇರ್ರಿ.” ನಾಲ್ವತ್ತೊಂದು ಬಾವಿಯಿಂದಲೂ ಜನ ಒಟ್ಟಿಗೆ ಕೂಗಿದರು. ಪಟ್ಟಿಮನೆಯ ತಗಡು ಅದುರಿತು. ಬಸಲಿಂಗವ್ವನ ಚಿತ್ರ ಈಗ ಬಾಗಿಲ ಮೇಲಿದೆ. ಕೈಪಿಡಿಯ ಮೇಲಿನ ಕಾಗದವನ್ನು ಅಜ್ಜನೇ ಉಗುರಿನಿಂದ ಕೆರೆದು ತೆಗೆದ.

ನಿಮ್ಮಲ್ಲಿ ಕೈಪಿಡಿ ಬರೆಯುವವರಿಗೆ ನನ್ನದೊಂದು ಕೋರಿಕೆ. ಮುಚ್ಚು ಎಂದಷ್ಟೇ ಬರೆದು ಬಿಡಬೇಡಿ. ಮುಚ್ಚದಿದ್ದರೆ ಏನಾಗುತ್ತದೆ ಎಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿ. ನಿಮ್ಮ ಮಾತು ಯಾವ ಊರಿಗೆ, ಯಾವ ನಡವಳಿಕೆಯವರ ಕೈಗೆ ಬರುತ್ತದೋ ನಿಮಗೆ ತಿಳಿಯದು.

ಈ ಪತ್ರವನ್ನು ಇಲ್ಲಿಗೆ ಮುಚ್ಚುತ್ತಿದ್ದೇನೆ. ಮುಚ್ಚಿದರೇ ಅಲ್ಲವೆ, ಅದು ನಿಮಗೆ ತಲುಪುವುದು.

ನಿಂಬೆವ್ವ