ಒಂದೇ ತಾಳದ ಬಡಿತ

ಮಾರ್ಚ್ ೯, ಮಂಗಳವಾರ

ಈ ಕಥೆ ಮೊದಲು ಹೇಳಿದವರು ಹೆರಿಗೆ ವಾರ್ಡಿನ ಹಿರಿಯ ನರ್ಸ್ ದೊಡ್ಡಕ್ಕ, ನಾವು ನರ್ಸುಗಳಾಗಿ ಸೇರಿದ ವಾರ. "ಕುಸೀತಿದ್ದ ಮಗುವಿನ ಎದೆಬಡಿತ ಇದ್ದಕ್ಕಿದ್ದಂಗೆ ಸರಿಹೋದ್ರೆ ಹಿಗ್ಗಬೇಡ್ರೇ. ಹೊಟ್ಟೆಗೆ ಕಟ್ಟಿದ ಬೆಲ್ಟು ಜಾರಿ, ಯಂತ್ರ ಮಗೂದು ಬಿಟ್ಟು ತಾಯಿ ಬಡಿತಾನೇ ಎಣಿಸ್ತಿರುತ್ತೆ. ಹಿಂದೊಂದು ಕೋಣೇಲಿ ಎಲ್ರೂ ಹಿಗ್ಗಿದ್ರು. ಒಳಗೆ ಮಗು ಆಗ್ಲೇ ಹೋಗಿತ್ತು."

ಇಂದು ಮಧ್ಯಾಹ್ನ ಯಂತ್ರದಲ್ಲಿ ಒಂದು ಮಗುವಿನ ಕುಸಿಯುತ್ತಿದ್ದ ಬಡಿತ ಹಾಗೆಯೇ ಸರಿಹೋಯಿತು. "ಗಂಡಾಂತರ ಕಳೀತಲ್ವಾ ಅಕ್ಕಾ?" ಎಂದು ಬಸುರಿ ನಕ್ಕಳು. ಅವಳ ಮಣಿಕಟ್ಟು ಹಿಡಿದೆ. ನಾಡಿಯೂ ಯಂತ್ರವೂ ಒಂದೇ ತಾಳದಲ್ಲಿ ಬಡಿಯುತ್ತಿದ್ದವು. ಬೆಲ್ಟು ಸರಿಸಿ ಹುಡುಕಿದಾಗ ಮಗುವಿನ ಬಡಿತ ಸಿಕ್ಕಿತು, ದಣಿದವಳೊಬ್ಬಳು ದೂರದಲ್ಲಿ ಒನಕೆ ಕುಟ್ಟುವಂತೆ. ವೈದ್ಯರು ಕೂಡಲೇ ಆಪರೇಷನ್ ಮಾಡಿ ಮಗುವನ್ನು ಹೊರತೆಗೆದರು. ಮಗು ಗಾಜಿನ ಪೆಟ್ಟಿಗೆಯಲ್ಲಿದೆ, ಇನ್ನೂ ಅತ್ತಿಲ್ಲ.

ನಿದ್ದೆ ಹತ್ತುತ್ತಿಲ್ಲ. ಅಂದು ಕಥೆ ಕೇಳಿದ ನಾವು ಮರುದಿನ ಬೆಳಿಗ್ಗೆ, ಯಾರೂ ಹೇಳದಿದ್ದರೂ, ಯಂತ್ರ ನೋಡುವ ಮೊದಲು ಒಬ್ಬೊಬ್ಬ ತಾಯಿಯ ಕೈ ಹಿಡಿದಿದ್ದೆವು.