ಆಯ್ಕೆಯಾಗಿದ್ದಾಳೆ, ಬಂದಿಲ್ಲ

ನನ್ನ ಬಾಡಿಗೆ ಕೋಣೆ, ಕಿಟಕಿ ಪಕ್ಕದ ಮೇಜು
ಬುಧವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕತ್ತುನೋವು ಇಳಿಯಿತೇ, ಇಲ್ಲ ಇನ್ನೂ ಟವೆಲ್ ಸುತ್ತಿಕೊಂಡೇ ಬ್ಲೌಸ್ ಹೊಲಿಯುತ್ತಿದ್ದೀಯಾ? ಭಾವನ ಕೆಮ್ಮು ಹೇಗಿದೆ? ಪುಟ್ಟಿಯ ಅಲ್ಲಾಡುವ ಹಲ್ಲು ಬಿತ್ತೇ, ಅಥವಾ ಅವಳು ಅದನ್ನು ನಾಲಿಗೆಯಲ್ಲಿ ಆಡಿಸುತ್ತಾ ನಿನ್ನ ಜೀವ ತಿನ್ನುತ್ತಿದ್ದಾಳಾ? ಇಲ್ಲಿ ನಾವು ಮೂವರೂ ಮೈಯಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಪಾದ ನಡೆದು ನಡೆದು ಊದಿದೆ, ಬಿಸಿನೀರಲ್ಲಿ ಇಟ್ಟುಕೊಂಡು ಕೂರುತ್ತಾಳೆ. ಅಪ್ಪನಿಗೆ ಹಸಿವೂ ಚೆನ್ನಾಗಿದೆ, ನಿದ್ದೆಯೂ ಚೆನ್ನಾಗಿದೆ. ಅದನ್ನು ನೋಡಿದರೇ ನನ್ನ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಬರೀ ಬೈಗುಳವೇ ಬರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಂಗಡಿಯಲ್ಲಿ ಯಾವಾಗಲೂ ನಾಲ್ಕು ಜನ ಅಳತೆ ಕೊಡಲು ನಿಂತಿರುತ್ತಾರೆ. ಇದು ನಾಲ್ಕು ಜನರ ಮಧ್ಯೆ ಕೇಳಿಸಿಕೊಳ್ಳುವ ಮಾತಲ್ಲ. ನನ್ನ ಸಹಪಾಠಿಯೊಬ್ಬಳು ಇವತ್ತು ಮಧ್ಯಾಹ್ನ ರಜೆಗೆ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಗಡಿ ಬಾಗಿಲು ಹಾಕಿ, ಕೂತುಕೊಂಡು ಓದು.

ಅಪ್ಪ ಅಮ್ಮ ಇಲ್ಲಿಗೆ ಬಂದು ಹತ್ತು ದಿನವಾಯಿತು. ಮೊದಲ ಏಳು ದಿನ ನಾನು ಖುಷಿಯಾಗಿಯೇ ಇದ್ದೆ, ಸುಳ್ಳೇಕೆ ಹೇಳಲಿ. ಅಪ್ಪ ಬರುವಾಗಲೇ ಒಂದು ಪಟ್ಟಿ ಬರೆದುಕೊಂಡು ಬಂದಿದ್ದರು. ಹಳೇ ಸೇತುವೆ, ಗಡಿಯಾರದ ಗೋಪುರ, ಗ್ರಂಥಾಲಯ, ವಸ್ತುಸಂಗ್ರಹಾಲಯ. ಒಂದೊಂದು ನೋಡಿದ ಮೇಲೂ ಜೇಬಿನಿಂದ ಪೆನ್ನು ತೆಗೆದು ಗುರುತು ಹಾಕುತ್ತಿದ್ದರು. ಮೂವತ್ತೈದು ವರ್ಷ ಮಕ್ಕಳ ಹಾಜರಿ ಹಾಕಿದ ಮೇಷ್ಟ್ರ ಕೈ ಸುಮ್ಮನಿರುತ್ತದೆಯೇ. ಅಮ್ಮನಿಗೆ ಪಟ್ಟಿಗಿಟ್ಟಿ ಏನೂ ಬೇಕಿರಲಿಲ್ಲ. ಅವಳಿಗೆ ಹಿಡಿಸಿದ್ದು ನಮ್ಮ ಬೀದಿ ತುದಿಯಲ್ಲಿ ಯಂತ್ರಕ್ಕೆ ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ. ದುಂಡನೆಯ ಗಾಜಿನ ಬಾಗಿಲ ಮುಂದೆ ಬೆಂಚಿನ ಮೇಲೆ ಕೂತು ತನ್ನ ಸೀರೆ ತಿರುಗುವುದನ್ನೇ ಮುಕ್ಕಾಲು ಗಂಟೆ ನೋಡಿದಳು. "ಇದು ಒಗೆಯೋವರೆಗೂ ನಾನೇನೇ ಮಾಡ್ಲಿ?" ಅಂದಳು. ಏನೂ ಮಾಡಬೇಡ ಅಂದೆ. ಏನೂ ಮಾಡದೆ ಇರುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ, ಪಕ್ಕದಲ್ಲಿ ಯಾರೋ ಬಿಟ್ಟುಹೋಗಿದ್ದ ಕಾಲುಚೀಲಗಳನ್ನು ಜೋಡಿ ಮಾಡಿ ಮಡಿಸಿಟ್ಟಳು.

ಅಪ್ಪ ಇಲ್ಲಿಯ ಭಾಷೆ ಓದುತ್ತಾರೆ, ಬರೆಯುತ್ತಾರೆ. ಆದರೆ ಇವರ ಮಾತಿನ ಓಟ ಅವರ ಕಿವಿಗೆ ಸಿಕ್ಕುವುದಿಲ್ಲ. ಹಾಗಾಗಿ ಹೋದಲ್ಲೆಲ್ಲ ನಾನೇ ಅವರ ಬಾಯಿ. ಟ್ರಾಮಿನಲ್ಲಿ ಎದುರಿಗೆ ಕೂತಿದ್ದ ಒಬ್ಬ ಹಿರಿಯರಿಗೆ ನನ್ನಿಂದ ಹೇಳಿಸಿದರು: "ಹೇಳು, ನನಗೆ ಇಬ್ಬರೂ ಹೆಣ್ಣುಮಕ್ಕಳೇ ಅಂತ. ಇಬ್ಬರ ಓದಿಗೂ ಯಾವತ್ತೂ ಅಡ್ಡ ಬಂದೋನಲ್ಲ ಅಂತ ಹೇಳು." ನಾನು ಹೇಳಿದೆ, ಅಕ್ಕಾ. ಹೆಮ್ಮೆಯಿಂದಲೇ ಹೇಳಿದೆ. ಆ ಮನುಷ್ಯ ಎದ್ದು ಅಪ್ಪನ ಕೈ ಕುಲುಕಿದ. ಆ ಮಾತು ನನ್ನ ನಾಲಿಗೆಯಿಂದ ಹೊರಟಿದ್ದು ನೆನೆದರೆ ಬಾಯಿಗೆ ಉಪ್ಪು ಹಾಕಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಊರೆಲ್ಲ ನೋಡಿದರೂ ನಮ್ಮ ವಿಭಾಗ ಮಾತ್ರ ನೋಡಿರಲಿಲ್ಲ. ನನಗೆ ತೋರಿಸಬೇಕೆಂದು ಆಸೆಯಿದ್ದದ್ದೇ ಅದು. ಕೃತಕ ಕೈಕಾಲು ಮಾಡುವ ಕಾರ್ಯಾಗಾರ, ನನ್ನ ಬೆಂಚು, ನಾನು ಮಾಡಿದ ಮೊದಲ ಮೊಣಕಾಲು. ದಿನಾ ಬೆಳಿಗ್ಗೆ ಕೇಳುತ್ತಿದ್ದೆ, ದಿನಾ ಅಪ್ಪ "ನಾಳೆ ನೋಡೋಣ ಬಿಡು" ಅನ್ನುತ್ತಿದ್ದರು. ಒಂದು ದಿನ ಮಂಡಿನೋವು, ಒಂದು ದಿನ ಮೋಡ, ಒಂದು ದಿನ "ಅಲ್ಲಿ ಪಾಠ ನಡೀತಿರುತ್ತೆ, ನಾವು ಹೋದ್ರೆ ತೊಂದರೆ". ಪೆದ್ದಿ ನಾನು, ಪಾಪ ಸಂಕೋಚ ಅಂದುಕೊಂಡೆ. ಕೊನೆಗೆ ಸೋಮವಾರ ಅಮ್ಮನೇ ಹಟ ಹಿಡಿದಳು. "ಮಗಳು ಓದೋ ಜಾಗ ನೋಡದೆ ಸೇತುವೆ ನೋಡ್ಕೊಂಡು ಹೋಗಕ್ಕೆ ಬಂದಿದ್ದಾ ನಾವು?" ಅಂದಳು. ಹೊರಟೆವು.

ಕಾರ್ಯಾಗಾರದ ಹಿಂದೆ ಸಾಮಾನು ಕೋಣೆಯಿದೆ. ಅದನ್ನು ನೋಡಿಕೊಳ್ಳುವ ಹೆಂಗಸು ಸೊಂಟದಲ್ಲಿ ಒಂದು ಸೇರು ಬೀಗದಕೈ ಕಟ್ಟಿಕೊಂಡಿರುತ್ತಾಳೆ, ಅವಳಿಗೆ ನಾನು ಬೀಗದಜ್ಜಿ ಎಂದು ಹೆಸರಿಟ್ಟಿದ್ದೇನೆ. ತಂದೆತಾಯಿ ಬಂದಿದ್ದಾರೆ ಎಂದು ಅವಳಿಗೆ ಸಂಭ್ರಮ. ಯಾರಿಗೂ ತೆರೆಯದ ಬೀರು ತೆರೆದಳು. ನಿನಗೆ ಗೊತ್ತಲ್ಲ, ಇಲ್ಲಿ ಅರ್ಜಿಯ ಜೊತೆ ಕೈಯಾರೆ ಮಾಡಿದ ಒಂದು ವಸ್ತು ಕಳಿಸಬೇಕು. ಆಯ್ಕೆಯಾಗದವರದ್ದನ್ನು ಅವರವರಿಗೇ ವಾಪಸು ಕಳಿಸುತ್ತಾರೆ, ಆಯ್ಕೆಯಾದವರದ್ದನ್ನು ಇಟ್ಟುಕೊಳ್ಳುತ್ತಾರೆ. ವಾಪಸು ಕಳಿಸುವ, ಇಟ್ಟುಕೊಳ್ಳುವ ಈ ನಿಯಮ ನನಗೆ ಸೋಮವಾರದವರೆಗೆ ಗೊತ್ತಿರಲಿಲ್ಲ. "ಒಂದಿದೆ, ನನಗೆ ಬಹಳ ಇಷ್ಟ, ಮಾಡಿದವಳು ಮಾತ್ರ ಬರಲೇ ಇಲ್ಲ" ಎಂದು ಬೀಗದಜ್ಜಿ ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

ಮರದ ಕೈ. ಎಡಗೈ. ನಾನು ಇನ್ನೂ ನೋಡುತ್ತಿದ್ದೆ, ಅಷ್ಟರಲ್ಲಿ ಅಮ್ಮ ತನ್ನ ಎಡಗೈಯನ್ನು ಅದರ ಪಕ್ಕ ಇಟ್ಟಳು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾದ ಕಿರುಬೆರಳು ಎರಡರಲ್ಲೂ ಒಂದೇ ಥರ ಒಳಕ್ಕೆ ಬಾಗಿತ್ತು. ಮಣಿಕಟ್ಟಿನ ಮೂಳೆ, ಹೆಬ್ಬೆರಳ ಬುಡದ ಗೆರೆ, ಎಲ್ಲ. ಆಗ ನನಗೆ ನೆನಪಾಯಿತು. ನನಗೆ ಹದಿನೈದು, ನಿನಗೆ ಇಪ್ಪತ್ತೆರಡು. ಬಡಗಿಯಿಂದ ಉಳಿ ಕೇಳಿ ತಂದು, ನೀನು ಅಮ್ಮನನ್ನು ಕೂರಿಸಿಕೊಂಡು ಹದಿನೈದು ದಿನ ಕೆತ್ತಿದ್ದೆ. ಅಡುಗೆಮನೆ ತುಂಬ ಮರದ ಪುಡಿ, ಸಾರಿನಲ್ಲೂ ಮರದ ಪುಡಿ. ಆ ಮರದ ಕೈಯ ಮಣಿಕಟ್ಟಿಗೆ ದಾರದಲ್ಲಿ ಚೀಟಿ ಕಟ್ಟಿದ್ದರು. ನಿನ್ನ ಹೆಸರು, ವರ್ಷ, ಕೆಳಗೆ ಎರಡೇ ಮಾತು: ಆಯ್ಕೆಯಾಗಿದ್ದಾಳೆ, ಬಂದಿಲ್ಲ.

ಅಮ್ಮ "ಏನಂತ ಬರೆದಿದೆ?" ಎಂದು ಕೇಳಿದಳು. ಹೇಳಿದೆ. "ಸರಿಯಾಗಿ ಓದು" ಅಂದಳು. ಮತ್ತೆ ಓದಿದೆ. ತಿರುಗಿ ನೋಡಿದರೆ ಅಪ್ಪ ಬಾಗಿಲ ಹತ್ತಿರ ಹೋಗಿ ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆಗಳನ್ನು ಓದುತ್ತಾ ನಿಂತಿದ್ದರು. ಬೀಗದಜ್ಜಿಗೆ ನಮ್ಮ ಮುಖ ಅರ್ಥವಾಗಲಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಬಟ್ಟೆಯ ಒಳಗಿಂದ ಒಂದು ಕಾಗದವನ್ನೂ ತೆಗೆದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಹೀಗಿತ್ತು: "ಮದುವೆ ನಿಶ್ಚಯವಾಗಿರುವುದರಿಂದ ತಮ್ಮಲ್ಲಿ ಓದಲು ನನಗೆ ಆಸಕ್ತಿ ಉಳಿದಿಲ್ಲ, ನನ್ನ ಜಾಗವನ್ನು ಬೇರೆಯವರಿಗೆ ಕೊಡಬಹುದು." ಕೆಳಗೆ ನಿನ್ನ ಸಹಿ. ಸಹಿ ನಿನ್ನದಲ್ಲ, ಅಕ್ಕಾ. ಆ ದುಂಡು ಅಕ್ಷರ, ಪ್ರತಿ ಸಾಲಿನ ಕೊನೆಗೆ ಸ್ವಲ್ಪ ಮೇಲಕ್ಕೇರುವ ಬರವಣಿಗೆ, ನನ್ನ ಕಾಪಿ ಪುಸ್ತಕಗಳಲ್ಲಿ ಕೆಂಪು ಶಾಯಿಯಲ್ಲಿ ಹತ್ತು ವರ್ಷ ನೋಡಿದ ಕೈ ಅದು. ಆಗ ನಿನಗೆ ಮದುವೆಯ ಮಾತೂ ಬಂದಿರಲಿಲ್ಲ. ನೀನು ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿ ಮಲಗುತ್ತಿದ್ದ ತಿಂಗಳು ಅದು. ಅಂಚೆಯವನು ತಂದ ಆಯ್ಕೆಯ ಕಾಗದವನ್ನು ಅಪ್ಪ ಒಡೆದರು, ಓದಿದರು, ಉತ್ತರವನ್ನೂ ಬರೆದರು, ಸಂಜೆ ಆಸ್ಪತ್ರೆಗೆ ಬಂದು ನಿನ್ನ ತಲೆ ಸವರಿ "ಇಲ್ಲ ಅಂದುಬಿಟ್ರಮ್ಮ, ಬೇಜಾರು ಮಾಡ್ಕೋಬೇಡ" ಅಂದರು. ಮರದ ಕೈ ಯಾಕೆ ವಾಪಸು ಬರಲಿಲ್ಲ ಎಂದು ನೀನು ಕೇಳಿದ್ದಕ್ಕೆ "ದಾರೀಲಿ ಕಳೆದಿರಬೇಕು" ಅಂದರು. ಮುಂದಿನ ತಿಂಗಳು ಹೊಲಿಗೆ ಯಂತ್ರ ತಂದುಕೊಟ್ಟರು. ಊರೆಲ್ಲ ಎಂಥ ಅಪ್ಪ ಅಂದಿತು.

ಮನೆಗೆ ಬಂದ ಮೇಲೆ ನಾನು ಚಪ್ಪಲಿ ಕೂಡ ಬಿಡದೆ ಕೇಳಿದೆ. ಅಪ್ಪ ಮೊದಲು "ಹಳೇ ಮಾತು ಈಗ್ಯಾಕೆ" ಅಂದರು. ಆಮೇಲೆ "ಅಜ್ಜಿ ಮಲಗಿದ್ರು, ದೊಡ್ಡ ಮಗಳು ಅಷ್ಟು ದೂರ ಹೋದ್ರೆ ಮನೆ ನಡೆಯೋದು ಹೇಗೆ?" ಅಂದರು. ಅಮ್ಮ "ಅಜ್ಜಿ ಹೋಗಿದ್ದು ಅದಾಗಿ ಮೂರು ತಿಂಗಳಿಗೆ. ಆಮೇಲೆ ಯಾಕೆ ಹೇಳಲಿಲ್ಲ?" ಅಂದಳು. ಅದಕ್ಕೆ ಅಪ್ಪ "ಒಳ್ಳೇದಕ್ಕೇ ಮಾಡಿದ್ದು. ಈಗ ಸುಖವಾಗೇ ಇದ್ದಾಳಲ್ಲ" ಅಂದರು. ಕೊನೆಗೆ ನನ್ನ ಕಡೆ ತಿರುಗಿ, ದೊಡ್ಡ ಉಡುಗೊರೆ ಕೊಡುವವರ ಹಾಗೆ, "ಮನಸ್ಸಲ್ಲಿ ಕೊರೀತಾನೇ ಇತ್ತು. ಅದಕ್ಕೇ ನಿನ್ನನ್ನ ಕಳಿಸಿದ್ದು" ಅಂದರು.

ಇದಕ್ಕೆ ನಾನು ಏನು ಮಾಡಲಿ? ನಿನ್ನ ತಟ್ಟೆಯಿಂದ ತೆಗೆದು ನನ್ನ ತಟ್ಟೆಗೆ ಬಡಿಸಿ, ಒಂಬತ್ತು ವರ್ಷ ಅನ್ನದಾತನ ಮುಖ ಹೊತ್ತು ತಿರುಗಿದ್ದಾರೆ. ಸಿಟ್ಟಿನಲ್ಲೂ ಬಹುವಚನ ಬಿಡಲಾಗುತ್ತಿಲ್ಲ ನೋಡು, ಅಂಥ ಸಾಕಣೆ ನಮ್ಮದು. ನನ್ನ ಅರ್ಜಿ ತುಂಬಿಸಿದವಳು ನೀನು. "ನನಗೆ ಸಿಗದೇ ಇದ್ದಿದ್ದು ನಿನಗಾದ್ರೂ ಸಿಗಲಿ" ಎಂದು ನೀನು ಅಂದಾಗ ಅಪ್ಪ ಅದೇ ಕೋಣೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಒಂದು ಪುಟ ಕೂಡ ಅಲುಗಲಿಲ್ಲ. ಇಲ್ಲಿಗೆ ಬಂದ ಮೇಲೆ ನಾನು ಒಂದು ವರ್ಷ ಈ ಮೇಷ್ಟ್ರುಗಳನ್ನು ಮನಸ್ಸಿನಲ್ಲೇ ಶಪಿಸಿದ್ದೇನೆ, ನಮ್ಮಕ್ಕನ ಬೆಲೆ ತಿಳಿಯದ ಕುರುಡರು ಎಂದು. ಅವರಿಗೆ ತಿಳಿದಿತ್ತು. ನಮ್ಮ ಮನೆಯ ಮೇಷ್ಟ್ರಿಗೂ ತಿಳಿದಿತ್ತು.

ನಿನ್ನ ಮೇಲೂ ಸಿಟ್ಟಿದೆ, ಹೇಳಿಯೇಬಿಡುತ್ತೇನೆ. ಇನ್ನೊಂದು ಕಾಗದ ಬರೆದು ಯಾಕೆ ಎಂದು ಕೇಳಬಾರದಿತ್ತೇ? ನನ್ನದು ಒಂದು ಗುಂಡಿ ಕಿತ್ತುಹೋದರೂ ಅಂಗಡಿಯವನ ಜೊತೆ ಜಗಳವಾಡುವವಳು, ನಿನ್ನದು ಎನ್ನುವುದು ಬಂದಾಗ ಒಂದೇ ಮಾತಿಗೆ ತಲೆ ಬಗ್ಗಿಸಿಬಿಟ್ಟೆ. ಇದನ್ನು ಬರೆದ ಮೇಲೆ ನಾಚಿಕೆಯಾಯಿತು, ಆದರೂ ಹೊಡೆದುಹಾಕುವುದಿಲ್ಲ. ಅಪ್ಪ ಹೇಳಿದ್ದನ್ನು ನಂಬಿದರೆ ತಪ್ಪಾಗುವ ಮನೆಯಲ್ಲ ನಮ್ಮದು ಎಂದೇ ಇಬ್ಬರೂ ಅಂದುಕೊಂಡಿದ್ದೆವಲ್ಲ. ನಿನ್ನೆ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಕೇಳಿದೆ. ವಯಸ್ಸಿನ ಮಿತಿ ಇಲ್ಲವಂತೆ, ಹಳೇ ಆಯ್ಕೆ ನಡೆಯುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕಂತೆ. ಬಾ ಎಂದು ನಾನು ಹೇಳುತ್ತಿಲ್ಲ. ಪುಟ್ಟಿ ಇದ್ದಾಳೆ, ಅಂಗಡಿ ಇದೆ, ಭಾವ ಇದ್ದಾರೆ, ಎಲ್ಲ ಗೊತ್ತು. ಬೇಡ ಅನ್ನುವುದಾದರೂ ಈ ಸಲ ನೀನೇ ಅನ್ನು. ನಿನ್ನ ಕೈಯಲ್ಲೇ ಬರೆದು, ನೀನೇ ಸಹಿ ಹಾಕು.

ಬೀಗದಜ್ಜಿ ಆ ಕೈಯನ್ನು ಮನೆಗೆ ತೆಗೆದುಕೊಂಡು ಹೋಗಿ ಅಂದಿದ್ದಳು. ಅಮ್ಮ ಒಪ್ಪಲಿಲ್ಲ. "ಅದು ಅವಳದ್ದು. ಏನು ಮಾಡಬೇಕೂಂತ ಅವಳು ಹೇಳಲಿ" ಅಂದಳು. ನಾನು ಅದನ್ನು ಬೀಗದಜ್ಜಿಗೆ ಅನುವಾದಿಸಿ ಹೇಳಿದೆ. ಈ ಹತ್ತು ದಿನದಲ್ಲಿ ನನ್ನ ಬಾಯಿಂದ ಬಂದ ಒಂದೇ ಒಳ್ಳೆಯ ಮಾತು ಅದು.

ಭಾವನಿಗೆ ನಮಸ್ಕಾರ ತಿಳಿಸು. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ಇವತ್ತೊಂದು ದಿನವಾದರೂ ಆ ಯಂತ್ರದ ಮುಂದೆ ಕೂರಬೇಡ.

ನಿನ್ನ ಜಾಗದಲ್ಲಿ ಕೂತಿರುವ,
ತಂಗಿ

ಕೊನೆಗೊಂದು ಮಾತು: ಸಹಪಾಠಿ ಕೆಳಗೆ ಬಂದು ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಅಮ್ಮ ಪೆಟ್ಟಿಗೆಯಿಂದ ತನ್ನ ಸೀರೆಗಳನ್ನೆಲ್ಲ ಹೊರಗೆ ತೆಗೆದು ನನ್ನ ಬೀರುವಿನಲ್ಲಿ ಜೋಡಿಸಿದಳು. ಶುಕ್ರವಾರ ಊರಿಗೆ ವಾಪಸು ಹೊರಡುವ ವಿಮಾನವನ್ನು ಅವಳು ಹತ್ತುವುದಿಲ್ಲ. ಅಪ್ಪ ಒಬ್ಬರೇ ಬರುತ್ತಾರೆ. ಅವಳು ಅಪ್ಪನಿಗೆ ಹೇಳಿದ್ದು ಇಷ್ಟೇ: "ನೀವು ಹೋಗಿ ಅವಳ ಮುಂದೆ ಕೂತು ನಿಮ್ಮ ಬಾಯಿಂದಲೇ ಎಲ್ಲ ಹೇಳಿ. ಅವಳು ಫೋನ್ ಮಾಡಿ ಬಾಮ್ಮ ಅಂದ ದಿನ ನಾನು ಬರ್ತೀನಿ." ಶನಿವಾರ ನಿನ್ನ ಬಾಗಿಲಿಗೆ ಬರುತ್ತಾರೆ. ನಿನಗೆ ಗೊತ್ತಿದೆ ಎಂದು ತೋರಿಸಿಕೊಳ್ಳಬೇಡ. ನಡುವೆ ಬಾಯಿ ಹಾಕಿ ಅವರಿಗೆ ಸುಲಭ ಮಾಡಿಕೊಡಬೇಡ, ಅತ್ತರೂ ನೀರು ತಂದುಕೊಡಲು ಏಳಬೇಡ, ಪೂರ್ತಿ ಹೇಳಲಿ. ಅಮ್ಮನ ವೀಸಾ ಇನ್ನೂ ಎರಡು ತಿಂಗಳಿದೆ. ಫೋನ್ ಮಾಡಲು ಅವಸರವೇನಿಲ್ಲ.